ಹಳೆ ಕಾರಿಗೊಂದು ಗುಪ್ತ ಸ್ವಿಚ್: ಮನೆಯಲ್ಲೇ ಮಾಡಿಕೊಳ್ಳಬಹುದಾದ ಕಳ್ಳತನ ತಡೆ

ನಮ್ಮ ಮನೆಯ ಮಾರುತಿ 800 ಒಂದು ರಾತ್ರಿ ಕಳುವಾಗಬೇಕಿತ್ತು. ಬೆಳಿಗ್ಗೆ ಹಾಲು ತರಲು ಹೊರಟಾಗ ನೋಡಿದೆ. ಡ್ರೈವರ್ ಕಡೆ ಬಾಗಿಲು ಅರ್ಧ ತೆರೆದಿತ್ತು. ಸ್ಟಿಯರಿಂಗ್ ಕೆಳಗಿನ ಪ್ಲಾಸ್ಟಿಕ್ ಕವರ್ ಕಿತ್ತು ಬಿದ್ದಿತ್ತು. ಎರಡು ಮೂರು ವೈರುಗಳನ್ನು ಸುಲಿದು ಒಂದಕ್ಕೊಂದು ಸುತ್ತಿದ್ದರು. ಆದರೆ ಗಾಡಿ ಅಲ್ಲೇ ಇತ್ತು. ಎರಡು ದಿನದಿಂದ ಅದರ ಫ್ಯುಯೆಲ್ ಪಂಪ್ (ಟ್ಯಾಂಕಿನಿಂದ ಇಂಜಿನ್ನಿಗೆ ಪೆಟ್ರೋಲ್ ತಳ್ಳುವ ಪಂಪು) ಕೆಟ್ಟಿತ್ತು, ರಿಪೇರಿಗೆ ಇನ್ನೂ ಕೊಟ್ಟಿರಲಿಲ್ಲ. ಕಳ್ಳ ಸೆಲ್ಫ್ ಹೊಡೆದೂ ಹೊಡೆದೂ ಬ್ಯಾಟರಿ ಪೂರ್ತಿ ಇಳಿಸಿ ಹೋಗಿದ್ದ.

ಕೆಟ್ಟ ಪಂಪು ಮಾಡಿದ ಈ ಕೆಲಸವನ್ನು ಒಳ್ಳೆಯ ಪಂಪಿನಿಂದಲೂ ಮಾಡಿಸಬಹುದು ಅಲ್ವಾ? ಅದಕ್ಕೆ ಬೇಕಾಗಿರುವುದು ಒಂದು ಸ್ವಿಚ್ಚು, ನಾಲ್ಕೈದು ಮೀಟರ್ ವೈರು, ಒಂದು ಭಾನುವಾರದ ಮಧ್ಯಾಹ್ನ. ಪಂಪ್ ರಿಪೇರಿ ಮಾಡಿಸಿದ ವಾರವೇ ನಾನು ಇದನ್ನು ಹಾಕಿದೆ. ಆಮೇಲೆ ಅಣ್ಣನ ಆಲ್ಟೋಗೂ ಹಾಕಿಕೊಟ್ಟೆ. ಹೇಗೆ ಎಂದು ಒಂದೊಂದಾಗಿ ಹೇಳುತ್ತೇನೆ.

ಯಾವ ಗಾಡಿಗೆ ಇದು ಬೇಕು, ಯಾವುದಕ್ಕೆ ಬೇಡ

ಈಗಿನ ಕಾರುಗಳ ಕೀಲಿಯ ತಲೆಯೊಳಗೆ ಒಂದು ಚಿಪ್ ಇರುತ್ತದೆ. ಆ ಚಿಪ್ಪನ್ನು ಗುರುತು ಹಿಡಿದರೆ ಮಾತ್ರ ಗಾಡಿಯ ಇಸಿಯು (ಇಂಜಿನ್ನನ್ನು ನಡೆಸುವ ಪುಟ್ಟ ಕಂಪ್ಯೂಟರ್) ಇಂಜಿನ್ ಓಡಲು ಬಿಡುತ್ತದೆ. ಇದಕ್ಕೆ ಇಮ್ಮೊಬಿಲೈಸರ್ ಎನ್ನುತ್ತಾರೆ. ಹಳೆಯ ಮಾರುತಿ 800, ಓಮ್ನಿ, ಮೊದಮೊದಲ ಆಲ್ಟೋ, ಝೆನ್ ಇಂಥ ಗಾಡಿಗಳಲ್ಲಿ ಇದು ಇರಲಿಲ್ಲ. ಸ್ಟಿಯರಿಂಗ್ ಲಾಕ್ ಮುರಿದು, ವೈರು ಸುತ್ತಿ, ಸೆಲ್ಫ್ ಹೊಡೆದರೆ ಮುಗಿಯಿತು.

ಇದು ಸಣ್ಣ ವ್ಯತ್ಯಾಸ ಅಂದುಕೊಳ್ಳಬೇಡಿ. ಅಮೆರಿಕದಲ್ಲಿ 2021-22ರ ಹೊತ್ತಿಗೆ ಕಿಯಾ, ಹ್ಯುಂಡೈ ಕಾರುಗಳು ಸಾವಿರಗಟ್ಟಲೆ ಕಳುವಾದವು. ಅಲ್ಲಿ ಮಾರಿದ ಅಗ್ಗದ ಮಾಡೆಲ್‌ಗಳಲ್ಲಿ ಇಮ್ಮೊಬಿಲೈಸರ್ ಇರಲಿಲ್ಲ. ಹುಡುಗರು ಸ್ಟಿಯರಿಂಗ್ ಕವರ್ ಕಿತ್ತು, ಯುಎಸ್‌ಬಿ ಕೇಬಲ್ಲಿನ ತುದಿಯನ್ನೇ ಕೀಲಿಯಂತೆ ತಿರುಗಿಸಿ ಓಡಿಸಿಕೊಂಡು ಹೋದರು. ಪಕ್ಕದ ಕೆನಡಾದಲ್ಲಿ 2007ರಿಂದ ಹೊಸ ಕಾರಿಗೆ ಇಮ್ಮೊಬಿಲೈಸರ್ ಕಡ್ಡಾಯ. ಹಾಗಾಗಿ ಅಲ್ಲಿ ಈ ಪಿಡುಗು ಹಬ್ಬಲಿಲ್ಲ.

ನಿಮ್ಮ ಕಾರು ಬಟನ್ ಒತ್ತಿ ಸ್ಟಾರ್ಟ್ ಮಾಡುವಂಥದ್ದಾದರೆ, ಅಥವಾ ಇನ್ನೂ ವಾರಂಟಿಯಲ್ಲಿದ್ದರೆ, ದಯವಿಟ್ಟು ಅದರ ವೈರಿಂಗ್ ಮುಟ್ಟಬೇಡಿ. ಅದಕ್ಕೆ ಒಳ್ಳೆಯ ಸ್ಟಿಯರಿಂಗ್ ಲಾಕ್, ಗೇರ್ ಲಾಕ್ ಸಾಕು.

ಹಾಗೇ, ಮಲ್ಟಿಮೀಟರ್ ಒಮ್ಮೆಯೂ ಹಿಡಿಯದವರು ಇದನ್ನು ಒಬ್ಬರೇ ಮಾಡಲು ಹೋಗಬೇಡಿ. ಗುರುತಿನ ಆಟೋ ಎಲೆಕ್ಟ್ರಿಷಿಯನ್ ಹತ್ತಿರ, ಪಕ್ಕದಲ್ಲೇ ನಿಂತು ಮಾಡಿಸಿಕೊಳ್ಳಿ. ಸ್ವಿಚ್ ಎಲ್ಲಿದೆ ಅನ್ನುವುದು ಇನ್ನೊಬ್ಬರಿಗೆ ಗೊತ್ತಾಗುತ್ತದೆ, ನಿಜ. ಆದರೂ ವೈರಿಂಗ್ ಸುಟ್ಟುಕೊಳ್ಳುವುದಕ್ಕಿಂತ ಅದು ವಾಸಿ.

ಎಲ್ಲಿ ತಡೆಯಬೇಕು?

ಗಾಡಿ ಸ್ಟಾರ್ಟ್ ಆಗದಂತೆ ಮಾಡಲು ಹಲವು ಜಾಗಗಳಿವೆ. ಸೆಲ್ಫ್ ಮೋಟರಿನ ವೈರು ತುಂಡರಿಸಬಹುದು. ಆದರೆ ನಮ್ಮ ಗೇರಿನ ಗಾಡಿಗಳನ್ನು ತಳ್ಳಿ ಸ್ಟಾರ್ಟ್ ಮಾಡಬಹುದು. ಇಬ್ಬರು ಕಳ್ಳರಿದ್ದರೆ ಆ ತಡೆ ನಿಲ್ಲುವುದಿಲ್ಲ. ಅಂಬಾಸಿಡರ್, ಪದ್ಮಿನಿ ಕಾಲದವರು ಸ್ಪಾರ್ಕ್ ಪ್ಲಗ್ಗುಗಳಿಗೆ ಕರೆಂಟ್ ಹಂಚುವ ಡಿಸ್ಟ್ರಿಬ್ಯೂಟರಿನ ಮುಚ್ಚಳ ತೆಗೆದು, ಒಳಗಿನ ರೋಟರನ್ನೇ ಜೇಬಿಗೆ ಹಾಕಿಕೊಂಡು ಹೋಗುತ್ತಿದ್ದರು. ಒಳ್ಳೆಯ ಉಪಾಯ, ಆದರೆ ಪ್ರತಿ ಸಲ ಬಾನೆಟ್ ಎತ್ತಬೇಕು.

ನನ್ನ ಆಯ್ಕೆ ಫ್ಯುಯೆಲ್ ಪಂಪ್. ಎಂಪಿಎಫ್‌ಐ ಗಾಡಿಗಳಲ್ಲಿ, ಅಂದರೆ ಕಾರ್ಬ್ಯುರೇಟರ್ ಬದಲು ಇಂಜೆಕ್ಟರಿನಿಂದ ಪೆಟ್ರೋಲ್ ಸಿಂಪಡಿಸುವ ಗಾಡಿಗಳಲ್ಲಿ, ಪಂಪು ಟ್ಯಾಂಕಿನೊಳಗೆ ಇರುತ್ತದೆ, ಕರೆಂಟಿನಿಂದ ಓಡುತ್ತದೆ. ಅದಕ್ಕೆ ಕರೆಂಟ್ ಕೊಡುವುದು ಒಂದು ರಿಲೇ, ಅಂದರೆ ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್-ಆಫ್ ಮಾಡುವ ಸ್ವಿಚ್ಚು. ಆ ರಿಲೇಗೆ ಅಪ್ಪಣೆ ಕೊಡುವುದು ಇಸಿಯು. ಪಂಪಿಗೆ ಹೋಗುವ ವೈರಿನಲ್ಲಿ ಹಲವು ಆಂಪಿಯರ್ ಹರಿಯುತ್ತದೆ. ಆದರೆ ಇಸಿಯುನಿಂದ ರಿಲೇ ಕಾಯಿಲ್‌ಗೆ (ರಿಲೇ ಒಳಗಿನ ತಂತಿಯ ಸುರುಳಿಗೆ) ಹೋಗುವ ವೈರಿನಲ್ಲಿ ಹರಿಯುವುದು ಹೆಚ್ಚುಕಡಿಮೆ 0.2 ಆಂಪಿಯರ್ ಅಷ್ಟೇ. ನಾವು ಸ್ವಿಚ್ ಹಾಕುವುದು ಈ ಸಣ್ಣ ವೈರಿಗೆ. ವೈರು ಬಿಸಿಯಾಗುವುದಿಲ್ಲ, ಸಣ್ಣ ಸ್ವಿಚ್ ಸಾಕು, ಎಲ್ಲಿ ಬೇಕಾದರೂ ಅಡಗಿಸಬಹುದು.

ಇದರಲ್ಲಿ ಇನ್ನೊಂದು ಲಾಭವಿದೆ. ಪೈಪಿನಲ್ಲಿ ಉಳಿದ ಪೆಟ್ರೋಲಿನಿಂದ ಇಂಜಿನ್ ಕೆಲವು ಸಲ ನಾಲ್ಕು ಸೆಕೆಂಡ್ ಓಡಿ ನಿಲ್ಲುತ್ತದೆ. ಆಮೇಲೆ ಎಷ್ಟು ಸೆಲ್ಫ್ ಹೊಡೆದರೂ ಏಳುವುದಿಲ್ಲ. ಸೆಲ್ಫ್ ಸರಿಯಾಗಿ ತಿರುಗುತ್ತಿರುವಾಗ ಇದು ಸ್ವಿಚ್ಚಿನ ಕೆಲಸ ಎಂದು ಕಳ್ಳನಿಗೆ ಬೇಗ ಹೊಳೆಯುವುದಿಲ್ಲ. ಗಾಡಿಯೇ ಕೆಟ್ಟಿದೆ ಅಂದುಕೊಳ್ಳುತ್ತಾನೆ. ರಾತ್ರಿ ಎರಡು ಗಂಟೆಯಲ್ಲಿ, ಬೀದಿ ನಾಯಿ ಬೊಗಳುತ್ತಿರುವಾಗ, ಪಂಪಿನ ರಿಲೇ ಹುಡುಕಿಕೊಂಡು ಕೂರುವಷ್ಟು ಪುರುಸೊತ್ತು ಅವನಿಗಿರುವುದಿಲ್ಲ.

ನಿಮ್ಮದು ಕಾರ್ಬ್ಯುರೇಟರ್ ಇರುವ ಹಳೆ 800 ಆದರೆ ಪಂಪಿಗೆ ಕರೆಂಟೇ ಇಲ್ಲ, ಇಂಜಿನ್ನೇ ಅದನ್ನು ಓಡಿಸುತ್ತದೆ. ಅಲ್ಲಿ ಇಗ್ನಿಷನ್ ಕಾಯಿಲ್‌ಗೆ ಬರುವ 12 ವೋಲ್ಟ್ ವೈರಿಗೆ ಸ್ವಿಚ್ ಹಾಕಬೇಕು. ಆ ವೈರಿನಲ್ಲಿ ಕರೆಂಟ್ ಜಾಸ್ತಿ. 15 ಆಂಪಿಯರಿನ ಸ್ವಿಚ್ಚು, ದಪ್ಪ ವೈರು ಬೇಕು. ಮುಂದೆ ಹೇಳುವುದೆಲ್ಲ ಎಂಪಿಎಫ್‌ಐ ಪೆಟ್ರೋಲ್ ಗಾಡಿಗೆ.

ತಂದಿಟ್ಟುಕೊಳ್ಳಬೇಕಾದದ್ದು

ಆರು ಕಾಲಿನ ಟಾಗಲ್ ಅಥವಾ ರಾಕರ್ ಸ್ವಿಚ್ ಒಂದು. ಅಂಗಡಿಯಲ್ಲಿ ಡಿಪಿಡಿಟಿ ಎಂದು ಕೇಳಿ. 1 ಚದರ ಮಿಲಿಮೀಟರಿನ ಹಲವು ಎಳೆಯ ತಾಮ್ರದ ವೈರು, ಕಪ್ಪು ಬಣ್ಣದ್ದೇ, ನಾಲ್ಕೈದು ಮೀಟರ್. ಒಂದಕ್ಕೊಂದು ಸಿಕ್ಕಿಸುವ ಬುಲೆಟ್ ಕನೆಕ್ಟರ್ ನಾಲ್ಕು ಜೊತೆ. ತಾನಾಗಿ ಮಿನುಗುವ ಕೆಂಪು ಎಲ್‌ಇಡಿ ಒಂದು, 1 ಕಿಲೋ ಓಮ್‌ನ ಕಾಲು ವ್ಯಾಟ್ ರೆಸಿಸ್ಟರ್ ಒಂದು, 1 ಆಂಪಿಯರ್ ಫ್ಯೂಸು ಅದರ ಹೋಲ್ಡರ್ ಸಮೇತ. ಹೀಟ್ ಶ್ರಿಂಕ್ ಸ್ಲೀವ್, ವೈರಿಂಗಿಗೆ ಸುತ್ತುವ ಬಟ್ಟೆ ಟೇಪು, ಪ್ಲಾಸ್ಟಿಕ್ ಟ್ಯಾಗ್. ಕೈಯಲ್ಲಿ ಮಲ್ಟಿಮೀಟರ್, ಕಟಿಂಗ್ ಪ್ಲೇಯರ್, ಕ್ರಿಂಪಿಂಗ್ ಪ್ಲೇಯರ್ (ಕನೆಕ್ಟರನ್ನು ವೈರಿಗೆ ಅಮುಕಿ ಕೂರಿಸಲು), ಸಾಲ್ಡರಿಂಗ್ ಐರನ್, 10 ನಂಬರ್ ಸ್ಪ್ಯಾನರ್.

ಬೆಂಗಳೂರಿನವರಿಗೆ ಎಸ್‌ಪಿ ರೋಡಿನಲ್ಲಿ ಎಲೆಕ್ಟ್ರಾನಿಕ್ಸ್ ಸಾಮಾನು, ಜೆಸಿ ರೋಡಿನಲ್ಲಿ ಕಾರಿನ ಸಾಮಾನು ಸಿಗುತ್ತದೆ. ಬೇರೆ ಊರಿನಲ್ಲಿ ಆಟೋ ಎಲೆಕ್ಟ್ರಿಕಲ್ ಅಂಗಡಿ ಮತ್ತು ಟಿವಿ ರಿಪೇರಿ ಅಂಗಡಿ ಸುತ್ತಿದರೆ ಎಲ್ಲವೂ ಸಿಕ್ಕೀತು.

ಹಂತ 1: ಪಂಪಿನ ರಿಲೇ ಹುಡುಕುವುದು

ಇಡೀ ಕೆಲಸದಲ್ಲಿ ಜಾಸ್ತಿ ಹೊತ್ತು ಹಿಡಿಯುವುದು ಇದೇ. ಅವಸರ ಬೇಡ.

ಕಿಟಕಿ ಏರಿಸಿ, ಫ್ಯಾನು, ರೇಡಿಯೋ ಎಲ್ಲ ಆಫ್ ಮಾಡಿ. ಕೀಲಿಯನ್ನು ಆನ್‌ಗೆ ತಿರುಗಿಸಿ, ಸೆಲ್ಫ್ ಹೊಡೆಯಬೇಡಿ. ಹಿಂದಿನ ಸೀಟಿನ ಕಡೆಯಿಂದ ಎರಡು ಮೂರು ಸೆಕೆಂಡ್ 'ಝುಂಯ್' ಎಂದು ಸದ್ದು ಬಂದು ನಿಲ್ಲುತ್ತದೆ. ಅದು ಪಂಪಿನ ಸದ್ದು. ಈ ಸದ್ದನ್ನು ಚೆನ್ನಾಗಿ ಗುರುತಿಟ್ಟುಕೊಳ್ಳಿ. ಮುಂದಿನ ಎಲ್ಲ ಪರೀಕ್ಷೆಗೂ ಇದೇ ಆಧಾರ.

ಈಗ ಮನೆಯವರೊಬ್ಬರನ್ನು ಕರೆದು ಕೀಲಿ ಆನ್-ಆಫ್ ಮಾಡಲು ಹೇಳಿ. ನೀವು ಡ್ಯಾಶ್‌ಬೋರ್ಡ್ ಕೆಳಗೆ ಅಥವಾ ಬಾನೆಟ್ ಒಳಗೆ ಇರುವ ರಿಲೇಗಳ ಮೇಲೆ ಒಂದೊಂದಾಗಿ ಬೆರಳಿಡಿ. ಆನ್ ಮಾಡಿದಾಗ 'ಟಕ್' ಎಂದು, ಪಂಪ್ ಸದ್ದು ನಿಂತಾಗ ಇನ್ನೊಮ್ಮೆ 'ಟಕ್' ಎಂದು ಬಡಿದದ್ದು ಬೆರಳಿಗೆ ಗೊತ್ತಾದರೆ ಅದೇ ಪಂಪಿನ ರಿಲೇ. ಪಕ್ಕದಲ್ಲೇ ಇಸಿಯುಗೆ ಕರೆಂಟ್ ಕೊಡುವ ಮೇನ್ ರಿಲೇ ಇರುವ ಸಾಧ್ಯತೆ ಹೆಚ್ಚು. ಅದು ಆನ್ ಮಾಡಿದಾಗ ಒಮ್ಮೆ ಬಡಿದು, ಕೀಲಿ ಆಫ್ ಮಾಡುವವರೆಗೂ ಹಾಗೇ ಇರುತ್ತದೆ.

ಖಾತ್ರಿ ಮಾಡಿಕೊಳ್ಳಲು ಕೀಲಿ ಆಫ್ ಮಾಡಿ ಆ ರಿಲೇಯನ್ನು ಕಿತ್ತು, ಮತ್ತೆ ಆನ್ ಮಾಡಿ. ಡ್ಯಾಶ್‌ಬೋರ್ಡಿನಲ್ಲಿ ಚೆಕ್ ಇಂಜಿನ್ ಲೈಟ್ ಬಂದು, ಪಂಪಿನ ಸದ್ದು ಮಾತ್ರ ಬರದಿದ್ದರೆ ಸರಿಯಾದದ್ದೇ ಸಿಕ್ಕಿದೆ. ಆ ಲೈಟೂ ಬರದಿದ್ದರೆ ನೀವು ಕಿತ್ತದ್ದು ಮೇನ್ ರಿಲೇ. ವಾಪಸ್ ಹಾಕಿ.

ಹಂತ 2: ಯಾವ ವೈರು ಎಂದು ಗುರುತಿಸುವುದು

ಕಿತ್ತ ರಿಲೇಯನ್ನು ಕೈಯಲ್ಲಿ ಹಿಡಿಯಿರಿ. ಕೆಲವು ರಿಲೇಗಳ ಕಾಲುಗಳಿಗೆ 30, 85, 86, 87 ಎಂದು ನಂಬರ್ ಇರುತ್ತದೆ. 85 ಮತ್ತು 86 ಕಾಯಿಲ್. 30ಕ್ಕೆ ಕರೆಂಟ್ ಬರುತ್ತದೆ, 87ರಿಂದ ಪಂಪಿಗೆ ಹೋಗುತ್ತದೆ. ನಂಬರ್ ಇಲ್ಲದಿದ್ದರೆ ಮಲ್ಟಿಮೀಟರನ್ನು ಓಮ್‌ನಲ್ಲಿಟ್ಟು ಎರಡೆರಡು ಕಾಲುಗಳನ್ನು ಮುಟ್ಟಿಸಿ ನೋಡಿ. ಯಾವ ಎರಡು ಕಾಲಿನ ನಡುವೆ ಸುಮಾರು 60ರಿಂದ 120 ಓಮ್ ತೋರಿಸುತ್ತದೋ ಅವು ಕಾಯಿಲ್. ಉಳಿದ ಎರಡರ ನಡುವೆ ಏನೂ ತೋರಿಸುವುದಿಲ್ಲ.

ಆಮೇಲೆ ರಿಲೇ ಕೂರುವ ಸಾಕೆಟ್ ನೋಡಿ. ಕೀಲಿ ಆನ್ ಮಾಡಿ, ಮೀಟರನ್ನು ಡಿಸಿ ವೋಲ್ಟಿಗೆ ತಿರುಗಿಸಿ, ಕಪ್ಪು ತುದಿಯನ್ನು ಗಾಡಿಯ ಬಾಡಿಯ ಲೋಹಕ್ಕೆ ಹಿಡಿಯಿರಿ. ಕಾಯಿಲಿನ ಎರಡು ತೂತುಗಳಲ್ಲಿ ಒಂದರಲ್ಲಿ ಬ್ಯಾಟರಿಯಷ್ಟೇ ವೋಲ್ಟ್ ಬರುತ್ತದೆ. ಇನ್ನೊಂದು ಇಸಿಯುಗೆ ಹೋಗುವ ವೈರು. ನಮಗೆ ಬೇಕಾದದ್ದು ಈ ಇನ್ನೊಂದು. 12 ವೋಲ್ಟ್ ಬರುವ ವೈರು ಬೇರೆ ಭಾಗಗಳಿಗೂ ಕವಲೊಡೆದಿರಬಹುದು. ಇದು ಪಂಪಿನ ರಿಲೇಗೆಂದೇ ಇರುವಂಥದ್ದು.

ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. ಈ ವೈರಿಗೆ ಬ್ಯಾಟರಿಯಿಂದ ನೇರ ಕರೆಂಟ್ ಕೊಟ್ಟು 'ನೋಡೋಣ' ಎನ್ನಬೇಡಿ, ಬಲ್ಬ್ ಹಚ್ಚಿಯೂ ಪರೀಕ್ಷೆ ಮಾಡಬೇಡಿ. ಇಸಿಯು ಸುಟ್ಟುಹೋದರೆ ಹಳೆ ಗಾಡಿಗೆ ಇನ್ನೊಂದು ಹುಡುಕುವುದು ಬಹಳ ಕಷ್ಟ. ಮಲ್ಟಿಮೀಟರ್ ಮಾತ್ರ ಬಳಸಿ. ಹಳದಿ ಕವಚದ ವೈರು ಅಥವಾ ಹಳದಿ ಕನೆಕ್ಟರ್ ಕಂಡರೆ ಅದು ಏರ್‌ಬ್ಯಾಗಿನದ್ದಾಗಿರಬಹುದು. ಅದರ ಹತ್ತಿರವೂ ಹೋಗಬೇಡಿ.

ಹಂತ 3: ಸ್ವಿಚ್ಚಿಗೆ ಜಾಗ

ಸ್ಟಿಯರಿಂಗ್ ಕೆಳಗೆ ಬೇಡ. ಕಳ್ಳ ಮೊದಲು ಕೈ ಹಾಕುವುದೇ ಅಲ್ಲಿ. ಮ್ಯಾಟ್ ಅಡಿಯಲ್ಲಿ ಮಳೆಗಾಲದ ನೀರು ನಿಲ್ಲುತ್ತದೆ. ಸೀಟಿನ ಅಡಿಯಲ್ಲಿ ನೀರಿನ ಬಾಟಲ್ ಉರುಳಿ ಬಂದು ಸ್ವಿಚ್ಚಿಗೆ ಬಡಿಯಬಹುದು.

ಕೊನೆಯದು ಸಣ್ಣ ವಿಷಯವಲ್ಲ. ಓಡುತ್ತಿರುವಾಗ ಸ್ವಿಚ್ ಆಫ್ ಆದರೆ ಇಂಜಿನ್ ನಿಲ್ಲುತ್ತದೆ. ಆಗ ಬ್ರೇಕ್ ಗಟ್ಟಿಯಾಗುತ್ತದೆ, ಪವರ್ ಸ್ಟಿಯರಿಂಗ್ ಇದ್ದರೆ ಅದೂ ಭಾರವಾಗುತ್ತದೆ. ಹೆದ್ದಾರಿಯಲ್ಲಿ ಹೀಗಾದರೆ ಜೀವಕ್ಕೇ ಅಪಾಯ. ಹಾಗಾಗಿ ನಿಮ್ಮ ಮೊಣಕಾಲು, ಮಕ್ಕಳ ಕೈ, ಸಾಮಾನಿನ ಚೀಲ ಯಾವುದೂ ತಾಗದ ಜಾಗವನ್ನೇ ಆರಿಸಿ. ಬೆಲ್ಟ್ ಹಾಕಿಕೊಂಡು ಕೂತಾಗ ಕೈಗೆ ಮಾತ್ರ ಎಟುಕಬೇಕು.

ನನಗೆ ಹಿಡಿಸಿದ ಜಾಗ ಡ್ಯಾಶ್‌ಬೋರ್ಡಿನಲ್ಲೇ ಇರುವ ಖಾಲಿ ಮುಚ್ಚಳ. ಕಡಿಮೆ ಬೆಲೆಯ ಮಾಡೆಲ್‌ಗಳಲ್ಲಿ ಫಾಗ್ ಲ್ಯಾಂಪ್ ಸ್ವಿಚ್ ಇರಬೇಕಾದ ಕಡೆ ಪ್ಲಾಸ್ಟಿಕ್ ಮುಚ್ಚಿರುತ್ತಾರೆ. ಅಲ್ಲಿ ಕಂಪನಿಯದ್ದೇ ಎನ್ನಿಸುವ ರಾಕರ್ ಸ್ವಿಚ್ ಕೂರಿಸಿದರೆ ಕಣ್ಣೆದುರಿಗಿದ್ದರೂ ಯಾರಿಗೂ ಅನುಮಾನ ಬರುವುದಿಲ್ಲ.

ಹಂತ 4: ವೈರು ಕತ್ತರಿಸಿ ಜೋಡಿಸುವುದು

ಕೀಲಿ ಆಫ್ ಮಾಡಿ, ಬ್ಯಾಟರಿಯ ನೆಗೆಟಿವ್ ಟರ್ಮಿನಲ್ ಬಿಚ್ಚಿ ಪಕ್ಕಕ್ಕೆ ಸರಿಸಿ. ನಿಮ್ಮ ಸ್ಟೀರಿಯೋಗೆ ಕೋಡ್ ಇದ್ದರೆ ಮೊದಲೇ ಬರೆದಿಟ್ಟುಕೊಳ್ಳಿ.

ಗುರುತಿಸಿದ ವೈರನ್ನು ಸಾಕೆಟ್ಟಿನಿಂದ 6-7 ಸೆಂಟಿಮೀಟರ್ ಬಿಟ್ಟು ಕತ್ತರಿಸಿ. ಎರಡೂ ಕಡೆ ಉದ್ದ ಉಳಿದಿರಬೇಕು. ಒಂದು ತುದಿಗೆ ಗಂಡು ಬುಲೆಟ್, ಇನ್ನೊಂದು ತುದಿಗೆ ಹೆಣ್ಣು ಬುಲೆಟ್ ಕನೆಕ್ಟರ್ ಕ್ರಿಂಪ್ ಮಾಡಿ. ಸ್ವಿಚ್ಚಿನಿಂದ ಬರುವ ಎರಡು ವೈರುಗಳಿಗೆ ಅವಕ್ಕೆ ಕೂರುವ ಜೋಡಿ ಹಾಕಿ. ಹೀಗೆ ಮಾಡಿದರೆ ಮುಂದೆ ಎಂದಾದರೂ ಸ್ವಿಚ್ ಕೆಟ್ಟು ದಾರಿಯಲ್ಲಿ ನಿಂತರೆ, ಸ್ವಿಚ್ಚಿನ ವೈರುಗಳನ್ನು ಎಳೆದು ತೆಗೆದು, ಮೂಲ ವೈರಿನ ಎರಡು ತುದಿಗಳನ್ನೇ ಒಂದಕ್ಕೊಂದು ಸಿಕ್ಕಿಸಿ ಮನೆಗೆ ಬರಬಹುದು. ಯಾವ ಸಾಧನವೂ ಬೇಡ. ಈ ಅನುಕೂಲವನ್ನು ದಯವಿಟ್ಟು ಬಿಡಬೇಡಿ.

ಇಲ್ಲಿ ಸಾಲ್ಡರ್ ಮಾಡಬಾರದೇ ಎಂದು ಕೇಳಬಹುದು. ಸಾಲ್ಡರ್ ಹಾಕಿದ ಕಡೆ ವೈರು ಕಡ್ಡಿಯಂತೆ ಬಿರುಸಾಗುತ್ತದೆ. ಗಾಡಿಯ ಅದುರಿಗೆ ಅದರ ಅಂಚಿನಲ್ಲೇ ತುಂಡಾಗುತ್ತದೆ. ವೈರಿಂಗ್ ನಡುವಿನ ಜೋಡಣೆಗೆ ಒಳ್ಳೆಯ ಕ್ರಿಂಪ್ ಉತ್ತಮ. ಸ್ವಿಚ್ಚಿನ ಕಾಲುಗಳಿಗೆ ಸಾಲ್ಡರ್ ಮಾಡಿ ಮೇಲೆ ಸ್ಲೀವ್ ಹಾಕಿ. ಬರೀ ಕೈಯಿಂದ ತಿರುಚಿ ಟೇಪ್ ಸುತ್ತುವುದು ಮಾತ್ರ ಬೇಡವೇ ಬೇಡ.

ಸ್ವಿಚ್ಚಿನ ಆರು ಕಾಲು ಎರಡು ಸಾಲಿನಲ್ಲಿರುತ್ತವೆ. ಒಂದು ಸಾಲಿನ ನಡುವಿನ ಕಾಲು ಮತ್ತು ಒಂದು ತುದಿಯ ಕಾಲು ಪಂಪಿನ ರಿಲೇಯ ಕತ್ತರಿಸಿದ ವೈರಿಗೆ. ಇನ್ನೊಂದು ಸಾಲಿನ ನಡುವಿನ ಕಾಲು ಮತ್ತು ಎದುರು ತುದಿಯ ಕಾಲು ಎಲ್‌ಇಡಿಗೆ. ಆಗ ಸ್ವಿಚ್ ಒಂದು ಕಡೆಗಿದ್ದರೆ ಪಂಪು ಓಡುತ್ತದೆ, ಇನ್ನೊಂದು ಕಡೆಗಿದ್ದರೆ ಪಂಪು ಬಂದ್, ಎಲ್‌ಇಡಿ ಮಿನುಗುತ್ತದೆ. ಯಾವ ಕಾಲು ಯಾವಾಗ ಕೂಡುತ್ತದೆ ಎಂದು ಮೀಟರಿನಲ್ಲಿ ಮೊದಲೇ ನೋಡಿಕೊಳ್ಳಿ.

ವೈರು ಎಳೆಯುವಾಗ ಪೆಡಲ್, ಸ್ಟಿಯರಿಂಗ್ ಕಂಬ, ಬಿಸಿಯಾಗುವ ಭಾಗ ಇವುಗಳಿಂದ ದೂರವಿಡಿ. ರಿಲೇ ಬಾನೆಟ್ ಒಳಗಿದ್ದರೆ, ಕಂಪನಿಯವರು ವೈರು ತಂದಿರುವ ರಬ್ಬರ್ ಬುಶ್ ಮೂಲಕವೇ ಒಳಗೆ ತನ್ನಿ. ತಗಡಿನ ಅಂಚಿಗೆ ಉಜ್ಜಿದರೆ ಆರು ತಿಂಗಳಲ್ಲಿ ವೈರು ಸುಲಿಯುತ್ತದೆ. ಕೊನೆಗೆ ಬಟ್ಟೆ ಟೇಪ್ ಸುತ್ತಿ, ಹಳೆ ವೈರಿಂಗ್ ಜೊತೆ ಸೇರಿಸಿ ಟ್ಯಾಗ್ ಕಟ್ಟಿ. ಹೊಸ ಹೊಳಪು ಕಾಣಬಾರದು. ಕಪ್ಪು ವೈರೇ ಬೇಕು ಎಂದದ್ದು ಇದಕ್ಕೇ.

ಹಂತ 5: ಮಿನುಗುವ ದೀಪ

ಸ್ಟೀರಿಯೋ ಹಿಂದಿನ ಹಳದಿ ವೈರಿನಲ್ಲಿ (ಇದು ಸ್ಟೀರಿಯೋಗೇ ಹೋಗುವ ವೈರು, ಏರ್‌ಬ್ಯಾಗಿನದ್ದಲ್ಲ) ಸಾಮಾನ್ಯವಾಗಿ ಯಾವಾಗಲೂ 12 ವೋಲ್ಟ್ ಇರುತ್ತದೆ. ಮೀಟರಿನಲ್ಲಿ ಖಾತ್ರಿ ಮಾಡಿಕೊಳ್ಳಿ. ಅಲ್ಲಿಂದ ಫ್ಯೂಸು, ಫ್ಯೂಸಿನಿಂದ ಸ್ವಿಚ್ಚು, ಸ್ವಿಚ್ಚಿನಿಂದ ರೆಸಿಸ್ಟರ್, ರೆಸಿಸ್ಟರಿನಿಂದ ಎಲ್‌ಇಡಿಯ ಉದ್ದ ಕಾಲು. ಗಿಡ್ಡ ಕಾಲು ಬಾಡಿ ಅರ್ಥ್‌ಗೆ, ಅಂದರೆ ಗಾಡಿಯ ಬಾಡಿಯ ಲೋಹಕ್ಕೆ. ಎಲ್‌ಇಡಿಯನ್ನು ಹೊರಗಿನಿಂದ ಕಾಣುವಂತೆ ಗಾಜಿನ ಹತ್ತಿರ ಕೂರಿಸಿ.

ಬ್ಯಾಟರಿ ಇಳಿಯುತ್ತದಾ? ಬಿಡದೆ ಉರಿದರೂ ಸುಮಾರು 10 ಮಿಲಿ ಆಂಪಿಯರ್, ಅಂದರೆ ದಿನಕ್ಕೆ 0.24 ಆಂಪಿಯರ್-ಅವರ್. ಮಿನುಗುವುದರಿಂದ ಅದಕ್ಕಿಂತ ಕಡಿಮೆಯೇ. 35 ಆಂಪಿಯರ್-ಅವರ್ ಬ್ಯಾಟರಿಗೆ ಇದು ಲೆಕ್ಕಕ್ಕಿಲ್ಲ. ತಿಂಗಳುಗಟ್ಟಲೆ ಊರಲ್ಲಿ ಇರುವುದಿಲ್ಲವಾದರೆ ನೆಗೆಟಿವ್ ಟರ್ಮಿನಲ್ ಬಿಚ್ಚಿಟ್ಟು ಹೋಗಿ.

ಈ ದೀಪದಿಂದ ಕಳ್ಳನಿಗಿಂತ ಮನೆಯವರಿಗೆ ಉಪಕಾರ ಜಾಸ್ತಿ. ದೀಪ ಮಿನುಗುತ್ತಿದ್ದರೆ ಸ್ವಿಚ್ ಆಫ್ ಇದೆ, ಸುಮ್ನೆ ಸೆಲ್ಫ್ ಹೊಡೆಯಬೇಡಿ ಎಂದರ್ಥ.

ಹಂತ 6: ಪರೀಕ್ಷೆ

ಬ್ಯಾಟರಿ ಜೋಡಿಸಿ. ಸ್ವಿಚ್ ಆನ್ ಇಟ್ಟು ಕೀಲಿ ತಿರುಗಿಸಿದರೆ ಪಂಪಿನ ಸದ್ದು ಬರಬೇಕು, ಗಾಡಿ ಸ್ಟಾರ್ಟ್ ಆಗಬೇಕು. ಚೆಕ್ ಇಂಜಿನ್ ಲೈಟ್ ಆರಬೇಕು. ಆಫ್ ಇಟ್ಟು ತಿರುಗಿಸಿದರೆ ಸದ್ದು ಬರಬಾರದು, ಸ್ವಲ್ಪ ಓಡಿದರೂ ನಿಲ್ಲಬೇಕು.

ಆಮೇಲೆ ನಿಂತಲ್ಲೇ ಇಂಜಿನ್ ಓಡಿಸುತ್ತ ಸ್ಟಿಯರಿಂಗನ್ನು ಎಡಕ್ಕೆ ಬಲಕ್ಕೆ ಪೂರ್ತಿ ತಿರುಗಿಸಿ, ಮೂರೂ ಪೆಡಲ್ ಒತ್ತಿ, ಹಾಕಿದ ವೈರುಗಳನ್ನು ಕೈಯಿಂದ ಅಲುಗಾಡಿಸಿ. ಒಮ್ಮೆ ಇಂಜಿನ್ ಎಡವಿದರೂ ಜೋಡಣೆ ಸಡಿಲ ಇದೆ, ಬಿಚ್ಚಿ ಮತ್ತೆ ಮಾಡಿ. ಎಲ್ಲ ಸರಿ ಇದ್ದರೆ ವಾಹನ ಕಡಿಮೆ ಇರುವ, ಗುಂಡಿಗಳಿರುವ ರಸ್ತೆಯಲ್ಲಿ ಅರ್ಧ ಗಂಟೆ ಓಡಿಸಿ. ಈ ಪರೀಕ್ಷೆ ಮುಗಿಯುವ ಮೊದಲು ಹೆದ್ದಾರಿಗೆ ಇಳಿಯಬೇಡಿ.

ಸ್ವಿಚ್ ಆಫ್ ಇದ್ದಾಗ ಕೆಲವು ಇಸಿಯುಗಳು ರಿಲೇ ಸಿಗುತ್ತಿಲ್ಲ ಎಂದು ಗುರುತಿಸಿ ಚೆಕ್ ಲೈಟ್ ಹಚ್ಚಿಬಿಡುತ್ತವೆ. ನಿಮ್ಮದು ಹಾಗೆ ಮಾಡಿದರೆ ಕಾಯಿಲ್ ವೈರನ್ನು ಮೊದಲಿನಂತೆ ಕೂಡಿಸಿ, 87ರಿಂದ ಪಂಪಿಗೆ ಹೋಗುವ ವೈರಿನಲ್ಲಿ ಇನ್ನೊಂದು 12 ವೋಲ್ಟ್, 30 ಆಂಪಿಯರಿನ ರಿಲೇ ಹಾಕಬೇಕು. ಕತ್ತರಿಸಿದ ವೈರಿನ ಒಂದು ತುದಿ ಹೊಸ ರಿಲೇಯ 30ಕ್ಕೆ, ಪಂಪಿನ ತುದಿ 87ಕ್ಕೆ. ಕೀಲಿ ಆನ್ ಆದಾಗ ಬರುವ 12 ವೋಲ್ಟನ್ನು 1 ಆಂಪಿಯರ್ ಫ್ಯೂಸು, ಗುಪ್ತ ಸ್ವಿಚ್ಚು ದಾಟಿಸಿ 86ಕ್ಕೆ ಕೊಡಿ, 85 ಬಾಡಿ ಅರ್ಥ್‌ಗೆ. ಈ ದಾರಿಯಲ್ಲಿ ಪಂಪಿನ ಪೂರ್ತಿ ಕರೆಂಟ್ ಹರಿಯುವುದರಿಂದ 30 ಮತ್ತು 87ರ ವೈರು 2.5 ಚದರ ಮಿಲಿಮೀಟರಿನದ್ದಿರಲಿ.

ಬಳಸುವಾಗ

ಗಾಡಿ ನಿಲ್ಲಿಸಿ, ಕೀಲಿ ತೆಗೆದ ಮೇಲೆ ಸ್ವಿಚ್ ಆಫ್ ಮಾಡಿ. ಹತ್ತುವಾಗ ಮೊದಲು ಸ್ವಿಚ್, ಆಮೇಲೆ ಕೀಲಿ. ಮೊದಲ ವಾರ ಖಂಡಿತ ಮರೆಯುತ್ತೀರಿ. ಸ್ಟಾರ್ಟ್ ಆಗದಿದ್ದರೆ ಹತ್ತು ಸೆಕೆಂಡಿಗಿಂತ ಜಾಸ್ತಿ ಸೆಲ್ಫ್ ಹೊಡೆಯದೆ ಸ್ವಿಚ್ ನೋಡಿ. ಗಾಡಿ ಓಡಿಸುವ ಮನೆಯವರೆಲ್ಲರಿಗೂ ತೋರಿಸಿರಿ. ನಡುರಾತ್ರಿ ಆಸ್ಪತ್ರೆಗೆ ಹೊರಡಬೇಕಾದಾಗ ಸ್ವಿಚ್ ಎಲ್ಲಿದೆ ಎಂದು ಹುಡುಕುವಂತಾಗಬಾರದು. ಸರ್ವಿಸಿಗೆ ಕೊಡುವಾಗ ಆನ್ ಮಾಡಿಟ್ಟು ಬನ್ನಿ.

ಟೋ ಮಾಡಿಕೊಂಡು ಹೋಗುವವರನ್ನು ಈ ಸ್ವಿಚ್ ತಡೆಯುವುದಿಲ್ಲ. ಅದಕ್ಕೆ ಜೊತೆಯಲ್ಲಿ ಕಣ್ಣಿಗೆ ಕಾಣುವ ಸ್ಟಿಯರಿಂಗ್ ಲಾಕ್ ಇರಲಿ, ರಾತ್ರಿ ಬೆಳಕಿರುವ ಕಡೆ ನಿಲ್ಲಿಸಿ. ಇನ್ಶೂರೆನ್ಸಿನಲ್ಲಿ ವಾಹನ ಪರೀಕ್ಷಿಸುವ ಸಂಸ್ಥೆ ಎಆರ್‌ಎಐ ಒಪ್ಪಿಗೆ ಪಡೆದ ಸಾಧನಕ್ಕೆ ಓನ್ ಡ್ಯಾಮೇಜ್ (ನಮ್ಮದೇ ಗಾಡಿಯ ನಷ್ಟದ) ಪ್ರೀಮಿಯಂ ಮೇಲೆ 2.5 ಪರ್ಸೆಂಟ್, ಹೆಚ್ಚೆಂದರೆ 500 ರೂಪಾಯಿ ರಿಯಾಯಿತಿ ಇಟ್ಟಿದ್ದರು. ಮನೆಯಲ್ಲಿ ಮಾಡಿದ್ದಕ್ಕೆ ಅದು ಸಿಗುವುದಿಲ್ಲ. ಗಾಡಿಯ ಎರಡೂ ಕೀಲಿ ಜೋಪಾನವಾಗಿಡಿ. ಕಳುವಾದ ಗಾಡಿಯ ಕ್ಲೇಮಿಗೆ ಹೋದಾಗ ಎರಡನ್ನೂ ಕೇಳುತ್ತಾರೆ. ಅಂಥ ಸಂದರ್ಭ ಬಂದರೆ ತಡ ಮಾಡದೆ 112ಕ್ಕೆ ಫೋನ್ ಮಾಡಿ, ಠಾಣೆಯಲ್ಲಿ ಎಫ್‌ಐಆರ್ ಮಾಡಿಸಿ, ಅದೇ ದಿನ ಇನ್ಶೂರೆನ್ಸ್ ಕಂಪನಿಗೂ ತಿಳಿಸಿ.

ಕೊನೆಯದಾಗಿ, ಯಾವ ಬಣ್ಣದ ವೈರು ಎಲ್ಲಿ ಕತ್ತರಿಸಿದ್ದೀರಿ, ಬುಲೆಟ್ ಕನೆಕ್ಟರ್ ಎಲ್ಲಿದೆ ಎಂದು ಒಂದು ಹಾಳೆಯಲ್ಲಿ ಚಿತ್ರ ಬರೆದು ಮನೆಯ ಬೀರುವಿನಲ್ಲಿಡಿ, ಗಾಡಿಯೊಳಗೆ ಬೇಡ. ಮುಂದೆ ಗಾಡಿ ಮಾರುವ ದಿನ ಆ ಹಾಳೆ ನೋಡಿಕೊಂಡು ಸ್ವಿಚ್ಚಿನ ವೈರು ತೆಗೆದು, ಮೂಲ ವೈರಿನ ಎರಡು ತುದಿ ಸಿಕ್ಕಿಸಿ ಕೊಡಿ.